ಗ್ರೇಸ್ ಹಾಪರ್

ಗ್ರೇಸ್ ಬ್ರೂಸ್ಟರ್ ಮರ್ರಿ ಹಾಪರ್ (ಡಿಸೆಂಬರ್ 9, 1906 – ಜನವರಿ 1, 1992) ಅಮೆರಿಕ ಸಂಯುಕ್ತ ಸಂಸ್ಥಾನದ ಗಣಿತಜ್ಞೆ, ಗಣಕ ವಿಜ್ಞಾನಿ, ಅಧ್ಯಾಪಕಿ ಹಾಗೂ ನೌಕಾಪಡೆಯ ಅಧಿಕಾರಿ. ಗಣಕಯಂತ್ರಗಳಿಗೆ ಕ್ರಮವಿಧಿಗಳನ್ನು (ಪ್ರೋಗ್ರಾಮ್) ಬರೆದ ಮೊದಲ ತಲೆಮಾರಿನವರಲ್ಲಿ ಇವರೊಬ್ಬರು. ಒಮ್ಮೆ ಬರೆದು ಪರೀಕ್ಷಿಸಿದ ಲೆಕ್ಕದ ತುಣುಕುಗಳನ್ನು ಸಂಗ್ರಹಿಸಿಟ್ಟು, ಬೇಕಾದಾಗ ಗುರುತಿನಿಂದ ಕರೆದು ಜೋಡಿಸಿಕೊಳ್ಳುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಿದ ಎ-0 ಎಂಬ ವ್ಯವಸ್ಥೆಯನ್ನು ಇವರು 1951-52ರಲ್ಲಿ ರಚಿಸಿದರು. ಕಂಪೈಲರ್ ಎಂಬ ಪದ ಗಣಕ ವಿಜ್ಞಾನದಲ್ಲಿ ನೆಲೆಯೂರಿದ್ದು ಈ ಕೆಲಸದಿಂದ. ಅನಂತರ ಇಂಗ್ಲಿಷ್ ಪದಗಳಲ್ಲಿ ಆದೇಶಗಳನ್ನು ಬರೆಯಬಹುದಾದ ಫ್ಲೋ-ಮ್ಯಾಟಿಕ್ ಭಾಷೆಯನ್ನು ರೂಪಿಸಿದರು. ವಾಣಿಜ್ಯ ವ್ಯವಹಾರಗಳಲ್ಲಿ ದಶಕಗಳ ಕಾಲ ಬಳಕೆಯಾದ ಕೋಬಾಲ್ ಭಾಷೆಗೆ ಇದು ಮುಖ್ಯ ಆಧಾರವಾಯಿತು.

ಇಂದು ಪೈಥಾನ್, ಜಾವಾಸ್ಕ್ರಿಪ್ಟ್ ಮೊದಲಾದ ಸ್ಕ್ರಿಪ್ಟಿಂಗ್ ಭಾಷೆಗಳನ್ನು ಕಲಿಯತೊಡಗುವ ವಿದ್ಯಾರ್ಥಿಯು ಕೆಲವೇ ದಿನಗಳಲ್ಲಿ ತನ್ನದೇ ಫಂಕ್ಷನ್ ಬರೆಯಲು ಕಲಿಯುತ್ತಾನೆ. ಕೆಲವು ಸಾಲುಗಳಿಗೆ ಒಂದು ಹೆಸರು ಕೊಡುವುದು, ಬೇಕಾದ ಬೆಲೆಗಳನ್ನು ಆವರಣದೊಳಗೆ ಒದಗಿಸುವುದು, ಫಲಿತಾಂಶವನ್ನು ಹಿಂದಕ್ಕೆ ಪಡೆಯುವುದು: ಇಷ್ಟೇ ಅದರ ಕ್ರಮ. ಇಷ್ಟು ಸರಳವಾಗಿ ತೋರುವ ಈ ಅನುಕೂಲವು ಒಂದು ಕಾಲದಲ್ಲಿ ಯಂತ್ರದಿಂದ ಆಗದ ಕೆಲಸವೆಂದೇ ಪರಿಗಣಿತವಾಗಿತ್ತು. ಆ ನಂಬಿಕೆಯನ್ನು ಅಲುಗಿಸಿದವರಲ್ಲಿ ಹಾಪರ್ ಅವರ ಹೆಸರು ಮುಂಚೂಣಿಯಲ್ಲಿದೆ.

ಬಾಲ್ಯ ಮತ್ತು ಶಿಕ್ಷಣ

ಗ್ರೇಸ್ ಮರ್ರಿ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಮೂವರು ಮಕ್ಕಳಲ್ಲಿ ಇವರೇ ಹಿರಿಯರು. ತಂದೆ ವಾಲ್ಟರ್ ಫ್ಲೆಚರ್ ಮರ್ರಿ, ತಾಯಿ ಮೇರಿ ಕ್ಯಾಂಪ್‌ಬೆಲ್ ವಾನ್ ಹಾರ್ನ್. ತಾಯಿಗೆ ಗಣಿತದಲ್ಲಿ ಆಸಕ್ತಿಯಿತ್ತಾದರೂ ಆ ಕಾಲದ ಹೆಣ್ಣುಮಕ್ಕಳಿಗೆ ಅದನ್ನು ಮುಂದುವರಿಸುವ ದಾರಿ ಸುಲಭವಾಗಿರಲಿಲ್ಲ. ತಂದೆಯು ರಕ್ತನಾಳಗಳ ಕಾಯಿಲೆಯಿಂದ ಎರಡೂ ಕಾಲುಗಳನ್ನು ಕಳೆದುಕೊಂಡವರು. ಮಗನಿಗೆ ದೊರೆಯುವ ಶಿಕ್ಷಣವೇ ಹೆಣ್ಣುಮಕ್ಕಳಿಗೂ ದೊರೆಯಬೇಕೆಂಬುದು ಅವರ ನಿಲುವಾಗಿತ್ತು. ಗ್ರೇಸ್ ಏಳು ವರ್ಷದವಳಿದ್ದಾಗ ಅಲಾರಾಂ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ಕುತೂಹಲದಿಂದ ಮನೆಯಲ್ಲಿದ್ದ ಏಳು ಗಡಿಯಾರಗಳನ್ನು ಒಂದಾದ ಮೇಲೊಂದರಂತೆ ಬಿಚ್ಚಿಹಾಕಿದ ಸಂಗತಿ ಪ್ರಸಿದ್ಧವಾಗಿದೆ. ತಾಯಿ ಗದರಿಸಿ ಸುಮ್ಮನಾಗದೆ, ಇನ್ನು ಮುಂದೆ ಒಂದೇ ಗಡಿಯಾರದ ಮೇಲೆ ಪ್ರಯೋಗ ನಡೆಸಬೇಕೆಂದು ಮಿತಿ ಹಾಕಿದರು.

ಹದಿನಾರನೆಯ ವಯಸ್ಸಿನಲ್ಲಿ ವ್ಯಾಸರ್ ಕಾಲೇಜಿಗೆ ಅರ್ಜಿ ಸಲ್ಲಿಸಿದಾಗ ಲ್ಯಾಟಿನ್ ಭಾಷೆಯ ಪರೀಕ್ಷೆಯಲ್ಲಿ ಸಾಕಷ್ಟು ಅಂಕ ಬಾರದೆ ಪ್ರವೇಶ ತಪ್ಪಿತು. ಮರುವರ್ಷ ಸೇರ್ಪಡೆಯಾಗಿ, 1928ರಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಪದವಿ ಪಡೆದರು. ಯೇಲ್ ವಿಶ್ವವಿದ್ಯಾಲಯದಿಂದ 1930ರಲ್ಲಿ ಸ್ನಾತಕೋತ್ತರ ಪದವಿಯನ್ನೂ 1934ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪದವಿಯನ್ನೂ ಗಳಿಸಿದರು. ನಾರ್ವೆ ಮೂಲದ ಗಣಿತಜ್ಞ ಓಯ್‌ಸ್ಟೈನ್ ಓರೆ ಇವರ ಮಾರ್ಗದರ್ಶಕರಾಗಿದ್ದರು. 1930ರಲ್ಲಿ ವಿನ್ಸೆಂಟ್ ಫಾಸ್ಟರ್ ಹಾಪರ್ ಅವರೊಂದಿಗೆ ವಿವಾಹವಾಯಿತು. 1945ರಲ್ಲಿ ದಂಪತಿ ವಿಚ್ಛೇದನ ಪಡೆದರು. ಗ್ರೇಸ್ ಮರುಮದುವೆಯಾಗಲಿಲ್ಲ, ಹಾಪರ್ ಎಂಬ ಹೆಸರನ್ನು ಉಳಿಸಿಕೊಂಡರು. ಇವರಿಗೆ ಮಕ್ಕಳಿರಲಿಲ್ಲ.

ಅಧ್ಯಾಪನ

1931ರಲ್ಲಿ ವ್ಯಾಸರ್ ಕಾಲೇಜಿನಲ್ಲಿಯೇ ಗಣಿತದ ಅಧ್ಯಾಪಕಿಯಾಗಿ ಸೇರಿದ ಹಾಪರ್ 1941ರ ವೇಳೆಗೆ ಸಹ ಪ್ರಾಧ್ಯಾಪಕಿಯ ಹುದ್ದೆಗೇರಿದರು. ಇವರ ಬೋಧನಾ ವಿಧಾನ ಗಮನಾರ್ಹವಾದುದು. ಸಂಭವನೀಯತೆಯ ಪಾಠದ ಆರಂಭದಲ್ಲಿ ಒಂದು ಗಣಿತ ಸೂತ್ರವನ್ನು ವಿವರಿಸಿ, ಅದರ ಬಗ್ಗೆ ಪ್ರಬಂಧ ಬರೆದು ತರುವಂತೆ ವಿದ್ಯಾರ್ಥಿನಿಯರಿಗೆ ಸೂಚಿಸುತ್ತಿದ್ದರು. ಆ ಪ್ರಬಂಧವನ್ನು ಗಣಿತದ ದೃಷ್ಟಿಯಿಂದ ಮಾತ್ರವಲ್ಲದೆ ಭಾಷೆಯ ದೃಷ್ಟಿಯಿಂದಲೂ ತಿದ್ದುತ್ತಿದ್ದರು. ಗಣಿತದ ತರಗತಿಯಲ್ಲಿ ಭಾಷೆಯನ್ನೇಕೆ ತಿದ್ದಬೇಕು ಎಂಬ ಆಕ್ಷೇಪ ಬಂದರೂ ಪದ್ಧತಿಯನ್ನು ಬಿಡಲಿಲ್ಲ. ತಿಳಿದದ್ದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಬರೆಯಲಾಗದಿದ್ದರೆ ಗಣಿತ ಕಲಿತು ಪ್ರಯೋಜನವಿಲ್ಲವೆಂದು ಅವರು ನಂಬಿದ್ದರು. ಮುಂದೆ ಗಣಕಯಂತ್ರದ ಭಾಷೆಗಳ ವಿಷಯದಲ್ಲಿ ಅವರು ತಳೆದ ನಿಲುವಿನ ಬೇರು ಈ ತರಗತಿಗಳಲ್ಲಿಯೇ ಇದೆ ಎನ್ನಬಹುದು. ಬಿಡುವಿನ ವೇಳೆಯಲ್ಲಿ ಖಗೋಳ, ಭೂವಿಜ್ಞಾನ, ಅರ್ಥಶಾಸ್ತ್ರ ಮೊದಲಾದ ಇತರ ವಿಭಾಗಗಳ ಪಾಠಗಳಲ್ಲಿಯೂ ಕುಳಿತು ಕೇಳುತ್ತಿದ್ದರು.

ನೌಕಾಪಡೆ ಮತ್ತು ಹಾರ್ವರ್ಡ್ ಮಾರ್ಕ್ 1

ಎರಡನೆಯ ಮಹಾಯುದ್ಧದ ಸಮಯದಲ್ಲಿ ಹಾಪರ್ ನೌಕಾಪಡೆಗೆ ಸೇರಲು ಬಯಸಿದರು. ವಯಸ್ಸು ಮೀರಿತ್ತು, ದೇಹತೂಕ ನಿಗದಿತ ಮಿತಿಗಿಂತ ಸುಮಾರು 7 ಕಿಲೋಗ್ರಾಂ ಕಡಿಮೆಯಿತ್ತು. ಸಾಲದೆಂಬಂತೆ, ಗಣಿತದ ಅಧ್ಯಾಪಕರು ಕಾಲೇಜಿನಲ್ಲಿದ್ದರೇ ದೇಶಕ್ಕೆ ಹೆಚ್ಚು ಉಪಯೋಗ ಎಂಬುದು ಸರ್ಕಾರದ ಧೋರಣೆಯಾಗಿತ್ತು. ಕಾಲೇಜಿನಿಂದ ರಜೆ ಪಡೆದು, ತೂಕದ ವಿಷಯದಲ್ಲಿ ವಿನಾಯಿತಿ ಪಡೆದು, 1943ರ ಡಿಸೆಂಬರ್‌ನಲ್ಲಿ ಮೀಸಲು ನೌಕಾಪಡೆಯ ಮಹಿಳಾ ವಿಭಾಗವನ್ನು ಸೇರಿದರು. ತರಬೇತಿಯಲ್ಲಿ ಪ್ರಥಮ ಸ್ಥಾನ ಪಡೆದ ಇವರನ್ನು 1944ರ ಜುಲೈನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿದ್ದ ನೌಕಾಪಡೆಯ ಗಣನ ಯೋಜನೆಗೆ ನಿಯೋಜಿಸಲಾಯಿತು.

ಅಲ್ಲಿದ್ದುದು ಹೊವಾರ್ಡ್ ಐಕೆನ್ ಅವರ ಕಲ್ಪನೆಯಂತೆ ಐಬಿಎಂ ಸಂಸ್ಥೆ ನಿರ್ಮಿಸಿದ್ದ ಮಾರ್ಕ್ 1 ಎಂಬ ಯಂತ್ರ. 51 ಅಡಿ ಉದ್ದ, 8 ಅಡಿ ಎತ್ತರದ ಈ ಯಂತ್ರದಲ್ಲಿ 23 ಅಂಕಿಗಳ ಸಂಖ್ಯೆಗಳನ್ನು ಹಿಡಿದಿಡುವ 72 ಗಣಕಗಳಿದ್ದವು. ಸೆಕೆಂಡಿಗೆ ಮೂರು ಸಂಕಲನಗಳನ್ನು ಅದು ಮಾಡಬಲ್ಲದಾಗಿತ್ತು. ಗುಣಾಕಾರ ಮತ್ತು ಭಾಗಾಕಾರಕ್ಕೆ ಹಲವು ಸೆಕೆಂಡುಗಳೇ ಬೇಕಾಗುತ್ತಿದ್ದವು. ಆದೇಶಗಳನ್ನು ಕಾಗದದ ಪಟ್ಟಿಯ ಮೇಲೆ ರಂಧ್ರಗಳಾಗಿ ಕೊರೆದು ಯಂತ್ರಕ್ಕೆ ಉಣಿಸಬೇಕಾಗಿತ್ತು. ಒಂದೇ ಆದೇಶಸರಣಿ ಮತ್ತೆ ಮತ್ತೆ ನಡೆಯಬೇಕಿದ್ದರೆ ಪಟ್ಟಿಯ ಎರಡು ತುದಿಗಳನ್ನು ಅಂಟಿಸಿ ಬಳೆಯಂತೆ ಮಾಡುತ್ತಿದ್ದರು. ಕುಣಿಕೆ ಎಂಬ ಅರ್ಥದ ಲೂಪ್ ಎಂಬ ಪದ ಆಗ ಕಣ್ಣಿಗೆ ಕಾಣುವ ವಸ್ತುವೇ ಆಗಿತ್ತು.

ಹಾಪರ್ ಕೆಲಸಕ್ಕೆ ಹಾಜರಾದ ದಿನವೇ ಐಕೆನ್ ಅವರು ಆರ್ಕ್‌ಟ್ಯಾಂಜೆಂಟ್ ಶ್ರೇಣಿಗೆ ಸಂಬಂಧಿಸಿದ ಸಹಗುಣಕಗಳನ್ನು ಅದೇ ವಾರದೊಳಗೆ ಲೆಕ್ಕಹಾಕಿ ಕೊಡುವಂತೆ ಸೂಚಿಸಿದರು. ಅದುವರೆಗೆ ಅವರು ಅಂಥ ಯಂತ್ರವನ್ನು ಕಂಡಿರಲಿಲ್ಲ. ಅದಾಗಲೇ ಅಲ್ಲಿದ್ದ ರಿಚರ್ಡ್ ಬ್ಲಾಕ್ ಮತ್ತು ರಾಬರ್ಟ್ ಕ್ಯಾಂಪ್‌ಬೆಲ್ ಎಂಬ ಕಿರಿಯ ಅಧಿಕಾರಿಗಳ ನೆರವಿನಿಂದ ಕೆಲಸ ಕಲಿತರು. ಮಾರ್ಕ್ 1 ಯಂತ್ರದ ಬಳಕೆಯನ್ನು ವಿವರಿಸುವ 561 ಪುಟಗಳ ಕೈಪಿಡಿಯನ್ನು ಬರೆಯುವ ಹೊಣೆಯನ್ನೂ ಇವರಿಗೇ ವಹಿಸಲಾಯಿತು. 1946ರಲ್ಲಿ ಪ್ರಕಟವಾದ ಆ ಕೈಪಿಡಿ ಗಣಕ ಕ್ರಮವಿಧಿಯನ್ನು ಕುರಿತ ಅತ್ಯಂತ ಹಳೆಯ ಗ್ರಂಥಗಳಲ್ಲಿ ಒಂದು.

ನೋಟುಪುಸ್ತಕದ ತುಣುಕುಗಳು

ಹಾರ್ವರ್ಡ್‌ನಲ್ಲಿ ನೌಕಾಪಡೆಗಾಗಿ ನಡೆಯುತ್ತಿದ್ದ ಲೆಕ್ಕಗಳು ಬೇರೆ ಬೇರೆಯಾದರೂ ಅವುಗಳ ಒಳಗಿನ ಕೆಲವು ಹಂತಗಳು ಒಂದೇ ಆಗಿದ್ದವು. ಒಂದು ಕೋನದ ಸೈನ್ ಬೆಲೆ, ಒಂದು ಸಂಖ್ಯೆಯ ವರ್ಗಮೂಲ, ಇಂಥವು ಮತ್ತೆ ಮತ್ತೆ ಬೇಕಾಗುತ್ತಿದ್ದವು. ಹಾಪರ್ ಮತ್ತು ಸಹೋದ್ಯೋಗಿಗಳು ಸರಿಯಾಗಿ ನಡೆಯುವುದೆಂದು ಖಚಿತವಾದ ತುಣುಕುಗಳನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಹೊಸ ಲೆಕ್ಕ ಬಂದಾಗ ಒಬ್ಬರು ಇನ್ನೊಬ್ಬರ ಪುಸ್ತಕದಿಂದ ಬೇಕಾದ ತುಣುಕನ್ನು ನಕಲು ಮಾಡಿಕೊಳ್ಳುತ್ತಿದ್ದರು. ಇಂಥ ತುಣುಕುಗಳಿಗೆ ಸಬ್‌ರೂಟೀನ್ ಎಂಬ ಹೆಸರು ರೂಢಿಗೆ ಬಂದಿತು. ಇಂದಿನ ಫಂಕ್ಷನ್‌ನ ಪೂರ್ವರೂಪ ಇದೇ.

ನಕಲು ಮಾಡುವ ಕೆಲಸ ತೋರುವಷ್ಟು ಸುಲಭವಾಗಿರಲಿಲ್ಲ. ಮುಂದಿನ ಕಾಲದ, ಆದೇಶಗಳನ್ನು ತನ್ನ ಸ್ಮೃತಿಕೋಶದಲ್ಲಿಯೇ ಇಟ್ಟುಕೊಳ್ಳುವ ಯಂತ್ರಗಳಲ್ಲಿ ಪ್ರತಿಯೊಂದು ಆದೇಶಕ್ಕೂ ಒಂದು ಮನೆಯ ಸಂಖ್ಯೆ, ಅಂದರೆ ವಿಳಾಸವಿರುತ್ತದೆ. ನೋಟುಪುಸ್ತಕದಲ್ಲಿ ತುಣುಕನ್ನು 0 ಎಂಬ ವಿಳಾಸದಿಂದ ಆರಂಭಿಸಿ ಬರೆದಿರುತ್ತಾರೆ ಎಂದುಕೊಳ್ಳೋಣ. ಅದರ 5ನೆಯ ಮನೆಯಲ್ಲಿರುವ ಆದೇಶವು 2ನೆಯ ಮನೆಗೆ ಹಿಂದಿರುಗಲು ಹೇಳುತ್ತದೆ. ಈ ತುಣುಕನ್ನು ಹೊಸ ಕ್ರಮವಿಧಿಯಲ್ಲಿ 300ನೆಯ ಮನೆಯಿಂದ ಇರಿಸಿದರೆ, 5 ಎಂಬುದು 305 ಆಗುತ್ತದೆ. ಹಿಂದಿರುಗಬೇಕಾದ ಮನೆ 302 ಆಗಬೇಕು. ಹೀಗೆ ತುಣುಕಿನೊಳಗಿನ ಪ್ರತಿಯೊಂದು ವಿಳಾಸಕ್ಕೂ 300ನ್ನು ಕೈಯಿಂದ ಕೂಡಿಸುತ್ತ ಹೋಗಬೇಕಾಗಿತ್ತು. ಒಂದೇ ಒಂದು ಕಡೆ ಕೂಡುವುದು ತಪ್ಪಿದರೆ ಇಡೀ ಲೆಕ್ಕ ದಾರಿ ತಪ್ಪುತ್ತಿತ್ತು. ನಕಲು ಮಾಡುವಾಗ ಒಂದು ಅಕ್ಷರ ಇನ್ನೊಂದು ಅಂಕಿಯಂತೆ ಕಾಣುವುದೂ ಸಾಮಾನ್ಯವಾಗಿತ್ತು. ಗಣಿತದಲ್ಲಿ ಡಾಕ್ಟರೇಟ್ ಪಡೆದವರೂ ಸರಳ ಸಂಕಲನದಲ್ಲಿ ಎಡವುತ್ತಾರೆ, ಸರಿಯಾಗಿ ನಕಲು ಮಾಡಲಾರರು ಎಂಬುದನ್ನು ಹಾಪರ್ ವರ್ಷಗಟ್ಟಲೆ ಕಂಡರು. ಕೂಡುವುದಕ್ಕೂ ನಕಲು ಮಾಡುವುದಕ್ಕೂ ಹೇಳಿ ಮಾಡಿಸಿದ ಯಂತ್ರ ಪಕ್ಕದಲ್ಲೇ ನಿಂತಿರುವಾಗ ಮನುಷ್ಯರು ಈ ಕೆಲಸವನ್ನೇಕೆ ಮಾಡಬೇಕು ಎಂಬ ಪ್ರಶ್ನೆ ಅವರಲ್ಲಿ ಮೂಡಿತು.

ಪತಂಗದ ಪ್ರಸಂಗ

ಹಾಪರ್ ಅವರ ಹೆಸರಿನೊಂದಿಗೆ ಎಲ್ಲಕ್ಕಿಂತ ಹೆಚ್ಚು ಪ್ರಚಾರ ಪಡೆದ ಕಥೆ ಮಾರ್ಕ್ 2 ಯಂತ್ರದಲ್ಲಿ ಸಿಕ್ಕಿದ ಪತಂಗದ್ದು. 1947ರ ಸೆಪ್ಟೆಂಬರ್ 9ರಂದು ಯಂತ್ರ ಕೆಟ್ಟು ನಿಂತಾಗ ಒಂದು ರಿಲೇಯ ನಡುವೆ ಸಿಲುಕಿ ಸತ್ತ ಪತಂಗವೊಂದು ದೊರೆಯಿತು. ಅದನ್ನು ದಿನಚರಿ ಪುಸ್ತಕಕ್ಕೆ ಅಂಟಿಸಿ ಟಿಪ್ಪಣಿ ಬರೆಯಲಾಯಿತು. ಆ ಪುಟ ಇಂದು ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿದೆ. ದೋಷಕ್ಕೆ ಬಗ್ ಎಂಬ ಪದ ಹುಟ್ಟಿದ್ದೇ ಹೀಗೆ, ಅದನ್ನು ಹಾಪರ್ ಅವರೇ ಕಂಡುಹಿಡಿದರು ಎಂದು ಅನೇಕ ಕಡೆ ಬರೆಯಲಾಗಿದೆ. ಇದು ಸರಿಯಲ್ಲ. ಯಂತ್ರದ ದೋಷವನ್ನು ಬಗ್ ಎಂದು ಕರೆಯುವ ರೂಢಿ ಎಡಿಸನ್ ಅವರ ಕಾಲದಿಂದಲೂ ಇತ್ತು. ಪತಂಗವನ್ನು ಹೊರತೆಗೆದವರು ಯಂತ್ರವನ್ನು ನೋಡಿಕೊಳ್ಳುತ್ತಿದ್ದ ಸಿಬ್ಬಂದಿ. ಹಾಪರ್ ತಮ್ಮ ಉಪನ್ಯಾಸಗಳಲ್ಲಿ ಈ ಪ್ರಸಂಗವನ್ನು ಸ್ವಾರಸ್ಯವಾಗಿ ಹೇಳುತ್ತಿದ್ದುದರಿಂದ ಅದು ಅವರ ಹೆಸರಿಗೆ ಅಂಟಿಕೊಂಡಿತು. ಅವರ ನಿಜವಾದ ಸಾಧನೆಗಿಂತ ಒಂದು ಕೀಟ ಹೆಚ್ಚು ಹೆಸರು ಮಾಡಿರುವುದು ವಿಪರ್ಯಾಸ.

ಎ-0 ವ್ಯವಸ್ಥೆ

ಯುದ್ಧದ ನಂತರ ವ್ಯಾಸರ್ ಕಾಲೇಜು ಮರಳಿ ಕರೆದರೂ ಹೋಗದೆ ಹಾಪರ್ ಹಾರ್ವರ್ಡ್‌ನಲ್ಲಿಯೇ ಸಂಶೋಧಕಿಯಾಗಿ ಉಳಿದರು. ಅಲ್ಲಿ ಕಾಯಂ ಹುದ್ದೆಯ ಅವಕಾಶವಿಲ್ಲದ್ದರಿಂದ 1949ರಲ್ಲಿ ಫಿಲಡೆಲ್ಫಿಯಾದ ಎಕರ್ಟ್-ಮಾಕ್ಲಿ ಕಂಪನಿಯನ್ನು ಹಿರಿಯ ಗಣಿತಜ್ಞೆಯಾಗಿ ಸೇರಿದರು. ಎನಿಯಾಕ್ ಯಂತ್ರವನ್ನು ನಿರ್ಮಿಸಿ ಹೆಸರಾಗಿದ್ದ ಪ್ರೆಸ್ಪರ್ ಎಕರ್ಟ್ ಮತ್ತು ಜಾನ್ ಮಾಕ್ಲಿ ಅಲ್ಲಿ ಯೂನಿವ್ಯಾಕ್ ಎಂಬ ವಾಣಿಜ್ಯ ಗಣಕವನ್ನು ರೂಪಿಸುತ್ತಿದ್ದರು. ಮರುವರ್ಷ ಆ ಕಂಪನಿಯನ್ನು ರೆಮಿಂಗ್ಟನ್ ರಾಂಡ್ ಸಂಸ್ಥೆ ಕೊಂಡುಕೊಂಡಿತು.

ಯೂನಿವ್ಯಾಕ್ ಯಂತ್ರದ ಸ್ಮೃತಿಕೋಶದಲ್ಲಿ ತಲಾ 12 ಅಕ್ಷರಗಳ 1,000 ಮನೆಗಳಿದ್ದವು. ದೊಡ್ಡ ಪ್ರಮಾಣದ ಸಂಗ್ರಹಕ್ಕೆ ಕಾಂತೀಯ ಪಟ್ಟಿಗಳಿದ್ದವು. ಹಾಪರ್ ತಮ್ಮ ನೋಟುಪುಸ್ತಕದ ಸಬ್‌ರೂಟೀನ್‌ಗಳನ್ನು ಈ ಪಟ್ಟಿಗೆ ವರ್ಗಾಯಿಸಿ, ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಕೊಡುವಂತೆ ಪ್ರತಿಯೊಂದಕ್ಕೂ ಒಂದು ಕರೆ ಸಂಖ್ಯೆ ಕೊಟ್ಟರು. ಕ್ರಮವಿಧಿ ಬರೆಯುವವರು ಮಾಡಬೇಕಾದುದು ಇಷ್ಟೇ: ಯಾವ ಸಬ್‌ರೂಟೀನ್ ಬೇಕೆಂಬುದರ ಕರೆ ಸಂಖ್ಯೆ, ಅದು ಯಾವ ಬೆಲೆಗಳ ಮೇಲೆ ಕೆಲಸ ಮಾಡಬೇಕು, ಫಲಿತಾಂಶ ಎಲ್ಲಿ ಸೇರಬೇಕು ಎಂಬುದನ್ನು ಬರೆದುಕೊಡುವುದು. ಪಟ್ಟಿಯಿಂದ ತುಣುಕನ್ನು ಹುಡುಕಿ ತರುವುದು, ಅದನ್ನು ಸರಿಯಾದ ಜಾಗದಲ್ಲಿ ಇರಿಸುವುದು, ಒಳಗಿನ ವಿಳಾಸಗಳಿಗೆ ಕೂಡಬೇಕಾದುದನ್ನು ಕೂಡುವುದು ಎಲ್ಲವೂ ಯಂತ್ರದ ಪಾಲಿಗೆ ಬಂದವು. ಹೆಸರು, ಒಳಗೆ ಕೊಡುವ ಬೆಲೆಗಳು, ಹೊರಬರುವ ಬೆಲೆ ಎಂಬ ಫಂಕ್ಷನ್‌ನ ಮೂರು ಅಂಗಗಳನ್ನು ಇಂದಿನ ವಿದ್ಯಾರ್ಥಿಯು ಇಲ್ಲಿ ಸುಲಭವಾಗಿ ಗುರುತಿಸಬಹುದು. ಫಂಕ್ಷನ್ ಅನ್ನು ಕರೆಯುವುದು ಎಂಬ ಮಾತಿಗೂ ಈ ಕರೆ ಸಂಖ್ಯೆಗೂ ಇರುವ ಹೋಲಿಕೆ ಗಮನಿಸತಕ್ಕದ್ದು.

1951ರ ಅಕ್ಟೋಬರ್‌ನಿಂದ 1952ರ ಮೇ ತಿಂಗಳವರೆಗೆ ಈ ಕೆಲಸ ನಡೆಯಿತು. ಒಂದು ಸ್ವಾರಸ್ಯಕರ ತೊಡಕು ಎದುರಾದದ್ದು ಮುಂದಕ್ಕೆ ಹಾರುವ ಆದೇಶಗಳಲ್ಲಿ. ಕ್ರಮವಿಧಿಯನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಓದುತ್ತ ಜೋಡಿಸಬೇಕು. ಆದರೆ ಇನ್ನೂ ಜೋಡಣೆಯಾಗದ ಭಾಗಕ್ಕೆ ಹಾರಬೇಕೆಂಬ ಆದೇಶ ನಡುವೆ ಬಂದರೆ ಆ ಭಾಗದ ವಿಳಾಸವೇ ಗೊತ್ತಿರುವುದಿಲ್ಲ. ಇದಕ್ಕೆ ಪರಿಹಾರ ಹೊಳೆದದ್ದು ಕಾಲೇಜಿನ ದಿನಗಳಲ್ಲಿ ಆಡಿದ ಬ್ಯಾಸ್ಕೆಟ್‌ಬಾಲ್ ಆಟದಿಂದ. ಆಗಿನ ಮಹಿಳೆಯರ ನಿಯಮದಂತೆ ಚೆಂಡು ಹಿಡಿದು ಓಡುವಂತಿರಲಿಲ್ಲ. ಆದ್ದರಿಂದ ಚೆಂಡನ್ನು ಜೊತೆಗಾತಿಗೆ ಎಸೆದು, ತಾನು ಬುಟ್ಟಿಯ ಬಳಿಗೆ ಓಡಿ, ಅಲ್ಲಿ ಚೆಂಡನ್ನು ಮರಳಿ ಪಡೆಯಬೇಕಾಗಿತ್ತು. ಹಾಪರ್ ಅದೇ ರೀತಿ ಸ್ಮೃತಿಕೋಶದ ಕೊನೆಯಲ್ಲಿ ಒಂದು ತಟಸ್ಥ ಮೂಲೆಯನ್ನು ಕಾದಿರಿಸಿದರು. ಮುಂದೆ ಹಾರಬೇಕಾದಾಗ ಸದ್ಯಕ್ಕೆ ಆ ಮೂಲೆಗೆ ಹಾರುವಂತೆ ಬರೆದು, ಗುರಿಯ ಭಾಗಕ್ಕೊಂದು ಗುರುತು ಬಿಟ್ಟಿಡುವುದು. ಆ ಭಾಗ ಜೋಡಣೆಗೊಂಡಾಗ ಗುರುತನ್ನು ನೋಡಿ ಮೂಲೆಯಿಂದ ತನ್ನ ಬಳಿಗೆ ಇನ್ನೊಂದು ಹಾರಿಕೆಯನ್ನು ಬರೆಯುವುದು. ಹೀಗೆ ಒಂದೇ ಓದಿನಲ್ಲಿ ಜೋಡಣೆ ಮುಗಿಯುತ್ತಿತ್ತು.

1952ರ ಮೇ ತಿಂಗಳಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಗಣಕ ತಜ್ಞರ ಸಮ್ಮೇಳನದಲ್ಲಿ ಹಾಪರ್ ಈ ಕುರಿತು ಪ್ರಬಂಧ ಮಂಡಿಸಿದರು. ಪ್ರತಿಕ್ರಿಯೆ ಉತ್ಸಾಹದಾಯಕವಾಗಿರಲಿಲ್ಲ. ಗಣಕವು ಅಂಕಗಣಿತ ಮಾಡಬಲ್ಲದೇ ಹೊರತು ಕ್ರಮವಿಧಿ ಬರೆಯಲಾರದು ಎಂಬುದು ಬಹುಜನರ ಅಭಿಪ್ರಾಯವಾಗಿತ್ತು. ಕೆಲಸ ಮಾಡುವ ವ್ಯವಸ್ಥೆ ಕಣ್ಣೆದುರಿಗಿದ್ದರೂ ಅದನ್ನು ಬಳಸಲು ಜನ ಮುಂದೆ ಬರಲಿಲ್ಲ. ಯಂತ್ರದ ಸಂಕೇತಗಳನ್ನು ಬಲ್ಲ ಕೆಲವೇ ಜನರಿಗೆ ತಮ್ಮ ವಿದ್ಯೆ ಸಾಮಾನ್ಯರ ಕೈಗೆ ಸಿಕ್ಕುವುದು ಇಷ್ಟವಿರಲಿಲ್ಲವೆಂದೂ ಹಾಪರ್ ಭಾವಿಸಿದ್ದರು. ಆದರೂ ಎ-1, ಎ-2 ಎಂದು ವ್ಯವಸ್ಥೆಯನ್ನು ಸುಧಾರಿಸುತ್ತ ಹೋದರು. 1953ರಲ್ಲಿ ಸಿದ್ಧವಾದ ಎ-2 ಗ್ರಾಹಕರ ಕೈಸೇರಿತು. 1954ರಲ್ಲಿ ಸಂಸ್ಥೆಯು ಸ್ವಯಂಚಾಲಿತ ಕ್ರಮವಿಧಿ ರಚನೆಯ ವಿಭಾಗಕ್ಕೆ ಇವರನ್ನೇ ಮುಖ್ಯಸ್ಥೆಯನ್ನಾಗಿ ನೇಮಿಸಿತು.

ಹಾಪರ್ ಅವರೊಬ್ಬರೇ ಈ ದಾರಿಯಲ್ಲಿ ನಡೆದವರೆಂದು ತಿಳಿಯಬಾರದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ 1949ರಲ್ಲಿ ಕಾರ್ಯಾರಂಭ ಮಾಡಿದ ಎಡ್ಸಾಕ್ ಯಂತ್ರಕ್ಕಾಗಿ ಮಾರಿಸ್ ವಿಲ್ಕ್ಸ್, ಡೇವಿಡ್ ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಸಬ್‌ರೂಟೀನ್‌ಗಳ ಸಂಗ್ರಹವನ್ನು ಕಟ್ಟಿ 1951ರಲ್ಲಿ ಆ ಬಗ್ಗೆ ಗ್ರಂಥ ಪ್ರಕಟಿಸಿದ್ದರು. ತುಣುಕು ತನ್ನ ಕೆಲಸ ಮುಗಿಸಿ ಕರೆದ ಜಾಗಕ್ಕೇ ಹಿಂದಿರುಗುವ ಉಪಾಯವನ್ನು ರೂಪಿಸಿದವರು ವೀಲರ್. ಹಾಪರ್ ಅವರ ಸಹೋದ್ಯೋಗಿ ಬೆಟ್ಟಿ ಹೋಲ್ಬರ್ಟನ್ 1951ರಲ್ಲಿ ರಚಿಸಿದ್ದ, ವಿಂಗಡಣೆಯ ಕ್ರಮವಿಧಿಯನ್ನು ತಾನೇ ಬರೆಯುವ ಕ್ರಮವಿಧಿಯು ತಮಗೆ ಸ್ಫೂರ್ತಿಯಾಯಿತೆಂದು ಹಾಪರ್ ಮುಕ್ತವಾಗಿ ಹೇಳುತ್ತಿದ್ದರು. ಇಂದಿನ ಅರ್ಥದ ಕಂಪೈಲರ್ ಒಂದು ಭಾಷೆಯನ್ನು ಯಂತ್ರಸಂಕೇತಕ್ಕೆ ಅನುವಾದಿಸುತ್ತದೆ. ಎ-0 ಮಾಡುತ್ತಿದ್ದುದು ಹೆಚ್ಚಾಗಿ ಸಂಗ್ರಹದಿಂದ ಆರಿಸಿ ಜೋಡಿಸುವ ಕೆಲಸ. ಈಗಿನ ಪರಿಭಾಷೆಯಲ್ಲಿ ಅದನ್ನು ಲಿಂಕರ್ ಎನ್ನಬಹುದು. ಮೊತ್ತಮೊದಲ ಕಂಪೈಲರ್ ಯಾವುದು ಎಂಬ ಚರ್ಚೆ ಈ ಕಾರಣದಿಂದಲೇ ಮುಗಿಯದೆ ಉಳಿದಿದೆ.

ಇಂಗ್ಲಿಷ್, ಫ್ರೆಂಚ್ ಮತ್ತು ಜರ್ಮನ್

ಗಣಿತಜ್ಞರಿಗೆ ಚಿಹ್ನೆಗಳು ಸಾಕಾಗುತ್ತವೆ. ಆದರೆ ವೇತನ ಪಟ್ಟಿ, ದಾಸ್ತಾನು, ಬಿಲ್ಲುಗಳ ಲೆಕ್ಕ ಇಡುವವರಿಗೆ ಚಿಹ್ನೆಗಳೆಂದರೆ ಅಂಜಿಕೆ ಎಂಬುದನ್ನು ಹಾಪರ್ ಮನಗಂಡರು. ಅಂಥವರು ತಮಗೆ ತಿಳಿದ ಪದಗಳಲ್ಲೇ ಆದೇಶ ಬರೆಯಲಿ, ಅದನ್ನು ಸಂಕೇತಗಳಿಗೆ ತಿರುಗಿಸುವುದು ಯಂತ್ರದ ಕೆಲಸವಾಗಲಿ ಎಂಬುದು ಅವರ ವಾದ. 1955ರ ಆರಂಭದಲ್ಲಿ ಇದಕ್ಕೆ ಹಣ ಕೋರಿ ಆಡಳಿತ ವರ್ಗಕ್ಕೆ ವರದಿ ಸಲ್ಲಿಸಿದರು. ಇಂಗ್ಲಿಷಿನಲ್ಲಿ ಬರೆದ ಚಿಕ್ಕದೊಂದು ಕ್ರಮವಿಧಿ ನಡೆಯುವುದನ್ನು ತೋರಿಸಿದ ಮೇಲೆ, ಅದೇ ಕ್ರಮವಿಧಿಯನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲಿಯೂ ಬರೆದು ನಡೆಸಿ ತೋರಿಸಿದರು. ಯಂತ್ರದ ಮಟ್ಟಿಗೆ ಯಾವ ಪದವೂ ಕೆಲವು ಚಿಹ್ನೆಗಳ ಸಾಲು ಮಾತ್ರ, ಅದಕ್ಕೆ ಅರ್ಥ ನಾವು ಗೊತ್ತುಪಡಿಸಿದ್ದು ಎಂಬುದನ್ನು ಮನವರಿಕೆ ಮಾಡಿಕೊಡುವುದು ಉದ್ದೇಶವಾಗಿತ್ತು. ಪರಿಣಾಮ ವಿರುದ್ಧವಾಯಿತು. ಫಿಲಡೆಲ್ಫಿಯಾದಲ್ಲಿ ತಯಾರಾದ ಅಮೆರಿಕದ ಯಂತ್ರಕ್ಕೆ ಫ್ರೆಂಚ್, ಜರ್ಮನ್ ಅರ್ಥವಾಗುವುದು ಹೇಗೆ ಸಾಧ್ಯ ಎಂದು ಅಧಿಕಾರಿಗಳು ಬೆಚ್ಚಿದರು. ಇಂಗ್ಲಿಷ್ ಒಂದಕ್ಕೇ ಸೀಮಿತಗೊಳಿಸುವುದಾಗಿ ಭರವಸೆ ನೀಡಿದ ನಂತರವೇ ಕೆಲಸ ಮುಂದುವರಿಯಿತು.

ಕನ್ನಡ ವಿದ್ಯಾರ್ಥಿಗಳಿಗೆ ಈ ಪ್ರಸಂಗ ವಿಶೇಷವಾಗಿ ಗಮನಾರ್ಹ. ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯಿಂದೀಚೆಗೆ ಫಂಕ್ಷನ್‌ಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೂ ಬರೆಯಬಹುದು. ಎರಡು ಸಂಖ್ಯೆಗಳನ್ನು ಕೂಡುವ ಫಂಕ್ಷನ್‌ಗೆ ಮೊತ್ತ ಎಂದು ಹೆಸರಿಟ್ಟರೆ ಯಂತ್ರಕ್ಕೆ ಯಾವ ತೊಂದರೆಯೂ ಇಲ್ಲ. ಭಾಷೆಯ ಮೂಲ ಆದೇಶಪದಗಳು ಮಾತ್ರ ಇಂಗ್ಲಿಷಿನವೇ ಆಗಿವೆ.

1955ರಿಂದ 1959ರ ಅವಧಿಯಲ್ಲಿ ರೂಪುಗೊಂಡ ಈ ಭಾಷೆಗೆ ಮೊದಲು ಬಿ-0 ಎಂದೂ ಅನಂತರ ಫ್ಲೋ-ಮ್ಯಾಟಿಕ್ ಎಂದೂ ಹೆಸರಾಯಿತು. ದತ್ತಾಂಶದ ವಿವರಣೆಯನ್ನೂ ಆದೇಶಗಳನ್ನೂ ಬೇರೆ ಬೇರೆಯಾಗಿ ಬರೆಯುವ ಪದ್ಧತಿ ಇದರ ವೈಶಿಷ್ಟ್ಯ. ಹೆಸರುಗಳು ಓದುವವರಿಗೆ ತಾವೇ ಅರ್ಥ ತಿಳಿಸುವಂತಿರಬೇಕು ಎಂಬುದಕ್ಕೂ ಇಲ್ಲಿ ಆದ್ಯತೆ ದೊರೆಯಿತು.

ಕೋಬಾಲ್

1950ರ ದಶಕದ ಕೊನೆಯಲ್ಲಿ ಪ್ರತಿಯೊಂದು ತಯಾರಕ ಸಂಸ್ಥೆಯೂ ತನ್ನದೇ ಭಾಷೆಯನ್ನು ಹೊರತಂದಿತ್ತು. ಯಂತ್ರ ಬದಲಾಯಿಸಿದರೆ ಎಲ್ಲ ಕ್ರಮವಿಧಿಗಳನ್ನೂ ಹೊಸದಾಗಿ ಬರೆಯಬೇಕಾಗಿತ್ತು. ಬರೋಸ್ ಸಂಸ್ಥೆಯ ಮೇರಿ ಹಾಸ್ ಅವರು ಎಲ್ಲ ಯಂತ್ರಗಳಿಗೂ ಸಲ್ಲುವ ಒಂದು ವಾಣಿಜ್ಯ ಭಾಷೆಯ ಅಗತ್ಯವನ್ನು ಎತ್ತಿದರು. ಹಾಪರ್ ಮತ್ತಿತರರ ಬೆಂಬಲದಿಂದ 1959ರ ಮೇ 28 ಮತ್ತು 29ರಂದು ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಪೆಂಟಗಾನ್‌ನಲ್ಲಿ ಸಭೆ ನಡೆಯಿತು. ಅದರ ಫಲವಾಗಿ ಮೂಡಿದ್ದು ಕೋಬಾಲ್. 1960ರ ಡಿಸೆಂಬರ್‌ನಲ್ಲಿ ಒಂದೇ ಕೋಬಾಲ್ ಕ್ರಮವಿಧಿಯನ್ನು ಆರ್‌ಸಿಎ ಮತ್ತು ಯೂನಿವ್ಯಾಕ್ ಎಂಬ ಎರಡು ಬೇರೆ ತಯಾರಿಕೆಯ ಯಂತ್ರಗಳ ಮೇಲೆ ನಡೆಸಿ ತೋರಿಸಲಾಯಿತು.

ಹಾಪರ್ ಅವರನ್ನು ಕೋಬಾಲ್‌ನ ತಾಯಿ ಎಂದು ಕರೆಯುವ ರೂಢಿಯಿದೆ. ಭಾಷೆಯ ವಿವರಗಳನ್ನು ನಿಜವಾಗಿ ರಚಿಸಿದ್ದು ಜೀನ್ ಸ್ಯಾಮೆಟ್ ಮೊದಲಾದವರಿದ್ದ ಸಮಿತಿ, ಹಾಪರ್ ಸಲಹೆಗಾರರಾಗಿದ್ದರು. ಫ್ಲೋ-ಮ್ಯಾಟಿಕ್ ಇಲ್ಲದಿದ್ದರೆ ಅಷ್ಟು ಬೇಗ ಕೋಬಾಲ್ ರೂಪುಗೊಳ್ಳುತ್ತಿರಲಿಲ್ಲ ಎಂಬ ಅರ್ಥದಲ್ಲಿ ಮಾತ್ರ ಆ ಬಿರುದು ಒಪ್ಪುತ್ತದೆ.

ಕೋಬಾಲ್‌ನಲ್ಲಿ ಕ್ರಮವಿಧಿಯ ಒಂದು ಖಂಡಕ್ಕೆ ಹೆಸರಿಟ್ಟು, ಪರ್ಫಾರ್ಮ್ ಎಂಬ ಆದೇಶದಿಂದ ಆ ಹೆಸರನ್ನು ಹೇಳಿ ನಡೆಸಬಹುದಾಗಿತ್ತು. ಆದರೆ ಆ ಖಂಡಕ್ಕೆ ಬೆಲೆಗಳನ್ನು ಪ್ರತ್ಯೇಕವಾಗಿ ಒಪ್ಪಿಸುವ ವ್ಯವಸ್ಥೆ ಇರಲಿಲ್ಲ. ಎಲ್ಲ ಖಂಡಗಳೂ ಒಂದೇ ದತ್ತಾಂಶ ವಿಭಾಗವನ್ನು ಹಂಚಿಕೊಳ್ಳುತ್ತಿದ್ದುದರಿಂದ ಒಂದು ಕಡೆ ಮಾಡಿದ ಬದಲಾವಣೆ ಇನ್ನೊಂದು ಕಡೆ ಅನಿರೀಕ್ಷಿತ ಪರಿಣಾಮ ಉಂಟುಮಾಡುತ್ತಿತ್ತು. ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಫಂಕ್ಷನ್‌ಗೆ ಬೇಕಾದುದನ್ನೆಲ್ಲ ಆವರಣದ ಮೂಲಕವೇ ಕೊಡಬೇಕು, ಹೊರಗಿನ ಚರಾಕ್ಷರಗಳನ್ನು ಒಳಗಿನಿಂದ ಬದಲಾಯಿಸಬಾರದು ಎಂದು ಹೊಸಬರಿಗೆ ಹೇಳಿಕೊಡುವುದರ ಹಿಂದೆ ಇಂಥ ಕಹಿ ಅನುಭವವಿದೆ. ಕೋಬಾಲ್‌ನ ವಾಕ್ಯಗಳು ಅತಿ ಉದ್ದ ಎಂದು ಗಣಕ ವಿಜ್ಞಾನಿಗಳು ಟೀಕಿಸಿದ್ದಾರೆ. ಬ್ಯಾಂಕು ಮತ್ತು ವಿಮಾ ಸಂಸ್ಥೆಗಳು ಮಾತ್ರ ಅದನ್ನು ಬಿಡಲಿಲ್ಲ.

ನಿವೃತ್ತಿ ಮತ್ತು ಮರುನೇಮಕ

1966ರ ಕೊನೆಯಲ್ಲಿ ಕಮಾಂಡರ್ ದರ್ಜೆಯಲ್ಲಿ ಹಾಪರ್ ಮೀಸಲು ನೌಕಾಪಡೆಯಿಂದ ನಿವೃತ್ತರಾದರು. ಏಳು ತಿಂಗಳು ಕಳೆಯುವಷ್ಟರಲ್ಲಿ, 1967ರ ಆಗಸ್ಟ್‌ನಲ್ಲಿ, ಅವರನ್ನು ಆರು ತಿಂಗಳ ಮಟ್ಟಿಗೆಂದು ಮರಳಿ ಕರೆಯಲಾಯಿತು. ನೌಕಾಪಡೆಯ ಬೇರೆ ಬೇರೆ ಕಚೇರಿಗಳಲ್ಲಿ ಕೋಬಾಲ್ ಬೇರೆ ಬೇರೆ ರೂಪ ತಾಳಿತ್ತು. ಅದನ್ನು ಏಕರೂಪಕ್ಕೆ ತರುವುದು, ತಯಾರಕರ ಕಂಪೈಲರ್‌ಗಳು ನಿಯಮದಂತೆ ಇವೆಯೇ ಎಂದು ಪರೀಕ್ಷಿಸುವ ಕ್ರಮವಿಧಿಗಳನ್ನು ಸಿದ್ಧಪಡಿಸುವುದು ಇವರ ಕೆಲಸವಾಯಿತು. ಆರು ತಿಂಗಳ ಆ ಕರೆ ಸುಮಾರು ಹತ್ತೊಂಬತ್ತು ವರ್ಷ ಬೆಳೆಯಿತು. 1973ರಲ್ಲಿ ಕ್ಯಾಪ್ಟನ್, 1983ರಲ್ಲಿ ಕಮೊಡೋರ್ ದರ್ಜೆಗೇರಿದರು. 1985ರಲ್ಲಿ ಆ ದರ್ಜೆಯ ಹೆಸರು ರಿಯರ್ ಅಡ್ಮಿರಲ್ ಎಂದು ಬದಲಾಯಿತು. 1986ರ ಆಗಸ್ಟ್ 14ರಂದು ಬೋಸ್ಟನ್‌ನಲ್ಲಿ, ಯುಎಸ್‌ಎಸ್ ಕಾನ್‌ಸ್ಟಿಟ್ಯೂಷನ್ ಎಂಬ ಹಳೆಯ ಯುದ್ಧನೌಕೆಯ ಮೇಲೆ ನಡೆದ ಸಮಾರಂಭದಲ್ಲಿ ನಿವೃತ್ತರಾದಾಗ ಅವರಿಗೆ 79 ವರ್ಷ. ಆಗ ಸೇವೆಯಲ್ಲಿದ್ದ ನೌಕಾಪಡೆಯ ಅಧಿಕಾರಿಗಳಲ್ಲಿ ಅವರೇ ಅತ್ಯಂತ ಹಿರಿಯರು. ಬಳಿಕ ಡಿಜಿಟಲ್ ಎಕ್ವಿಪ್‌ಮೆಂಟ್ ಸಂಸ್ಥೆಯ ಸಲಹೆಗಾರರಾಗಿ ಕೊನೆಯವರೆಗೂ ದುಡಿದರು.

ಈ ವರ್ಷಗಳಲ್ಲಿ ಅವರು ದೇಶದ ಉದ್ದಗಲಕ್ಕೂ ಸಂಚರಿಸಿ ಉಪನ್ಯಾಸ ನೀಡಿದರು. ಸುಮಾರು 30 ಸೆಂಟಿಮೀಟರ್ ಉದ್ದದ ತಂತಿಯ ತುಂಡುಗಳನ್ನು ಸಭಿಕರಿಗೆ ಹಂಚುತ್ತಿದ್ದರು. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಕ್ರಮಿಸುವ ದೂರ ಅದು. ಪಕ್ಕದಲ್ಲಿ ಮೈಕ್ರೋಸೆಕೆಂಡಿನ ದೂರವನ್ನು ತೋರಿಸುವ, ಸುಮಾರು 300 ಮೀಟರ್ ಉದ್ದದ ತಂತಿಯ ಸುರುಳಿಯನ್ನು ಎತ್ತಿ ಹಿಡಿಯುತ್ತಿದ್ದರು. ಉಪಗ್ರಹದ ಮೂಲಕ ಸಂದೇಶ ಬರಲು ಏಕೆ ತಡವಾಗುತ್ತದೆ, ಗಣಕಗಳು ಏಕೆ ಚಿಕ್ಕದಾಗಬೇಕು ಎಂಬುದು ಯಾವ ಸಮೀಕರಣವೂ ಇಲ್ಲದೆ ಕೇಳುಗರಿಗೆ ತಿಳಿಯುತ್ತಿತ್ತು. ಕಚೇರಿಯ ಗೋಡೆಯಲ್ಲಿ ಮುಳ್ಳುಗಳು ಹಿಮ್ಮುಖವಾಗಿ ತಿರುಗುವ ಗಡಿಯಾರವೊಂದನ್ನು ಹಾಕಿಕೊಂಡಿದ್ದರು. ಬಂದವರಿಗೆ ಒಂದೆರಡು ದಿನ ಕಸಿವಿಸಿ ಎನಿಸಿದರೂ ಅದು ತೋರಿಸುತ್ತಿದ್ದ ಸಮಯ ಸರಿಯಾಗಿಯೇ ಇರುತ್ತಿತ್ತು.

ನಿಧನ ಮತ್ತು ಗೌರವಗಳು

ಗ್ರೇಸ್ ಹಾಪರ್ 1992ರ ಜನವರಿ 1ರಂದು ವರ್ಜೀನಿಯಾ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ನಿಧನರಾದರು. ಆಗ ಅವರಿಗೆ 85 ವರ್ಷ. ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿ ಸೈನಿಕ ಗೌರವಗಳೊಂದಿಗೆ ಅಂತ್ಯಕ್ರಿಯೆ ನಡೆಯಿತು.

1969ರಲ್ಲಿ ದತ್ತಾಂಶ ಸಂಸ್ಕರಣಾ ವೃತ್ತಿಪರರ ಸಂಘವು ಗಣಕ ವಿಜ್ಞಾನದ ವರ್ಷದ ಪುರುಷ ಎಂಬ ಪ್ರಶಸ್ತಿಯನ್ನು ಸ್ಥಾಪಿಸಿ, ಅದನ್ನು ಮೊದಲಿಗೆ ಹಾಪರ್ ಅವರಿಗೇ ನೀಡಿತು. ಪ್ರಶಸ್ತಿಯ ಹೆಸರಿನ ವಿನೋದ ಆಗಲೇ ಹಲವರ ಗಮನಕ್ಕೆ ಬಂದಿತ್ತು. 1973ರಲ್ಲಿ ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ವಿಶಿಷ್ಟ ಸದಸ್ಯತ್ವ ಪಡೆದ ಮೊದಲ ಅಮೆರಿಕನ್ನರೂ ಮೊದಲ ಮಹಿಳೆಯೂ ಆದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಲಭಿಸಿತು. ಮರಣೋತ್ತರವಾಗಿ 2016ರಲ್ಲಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ದೊರೆಯಿತು. 1997ರಲ್ಲಿ ಸೇವೆಗೆ ಸೇರಿದ ಯುಎಸ್‌ಎಸ್ ಹಾಪರ್ ಎಂಬ ಯುದ್ಧನೌಕೆ ಇವರ ಹೆಸರನ್ನು ಹೊತ್ತಿದೆ. 2017ರಲ್ಲಿ ಯೇಲ್ ವಿಶ್ವವಿದ್ಯಾಲಯವು ತನ್ನ ವಸತಿ ಕಾಲೇಜೊಂದಕ್ಕೆ ಇವರ ಹೆಸರಿಟ್ಟಿತು. ಗಣಕ ಕ್ಷೇತ್ರದ ಮಹಿಳೆಯರಿಗಾಗಿ ಅನಿತಾ ಬೋರ್ಗ್ ಮತ್ತು ಟೆಲ್ ವಿಟ್ನಿ 1994ರಲ್ಲಿ ಆರಂಭಿಸಿದ ಸಮ್ಮೇಳನವೂ ಗ್ರೇಸ್ ಹಾಪರ್ ಅವರ ಹೆಸರಿನಲ್ಲಿದೆ. ಅದರ ಭಾರತದ ಆವೃತ್ತಿ 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು.